ಶೇ. 65 ಅಂದರೆ ಯಾರಲ್ಲಿ ಎಷ್ಟು ಜನ? ಫ್ರೋಜನ್ ಭ್ರೂಣದ ಸಕ್ಸಸ್ ರೇಟ್ ಲೆಕ್ಕ

ರಾತ್ರಿ ಹತ್ತೂವರೆಗೆ ಗೆಳತಿಯ ಮೆಸೇಜ್ ಬಂತು. ಒಂದು ಫೋಟೊ, ಅದರ ಕೆಳಗೆ ಒಂದು ಸಾಲು. ಫೋಟೊದಲ್ಲಿ ಇದ್ದದ್ದು ಫರ್ಟಿಲಿಟಿ ಕ್ಲಿನಿಕ್ ಕೊಟ್ಟ ಹಾಳೆ. ಫ್ರೀಜ್ ಮಾಡಿಟ್ಟ ಭ್ರೂಣ ಎರಡು, ಒಂದರ ಗ್ರೇಡ್ 4ಎಎ, ಇನ್ನೊಂದರದ್ದು 4ಬಿಬಿ. ಕೆಳಗಿನ ಸಾಲು: ‘ಸಕ್ಸಸ್ ರೇಟ್ 65 ಪರ್ಸೆಂಟ್ ಅಂತೆ ಕಣೇ. ಜಾಸ್ತಿನೇ ಅಲ್ವಾ?’ ಅವಳಿಗೆ ಆಗ 38 ವರ್ಷ.

ಜಾಸ್ತಿನೇ. ಆದರೆ ಯಾವುದರಲ್ಲಿ 65? ಅದನ್ನು ಕ್ಲಿನಿಕ್‌ನವರು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಕೇಳಬೇಕು ಅಂತ ಹೊಳೆಯುವುದೂ ಕಷ್ಟ. ಎರಡು ವರ್ಷ ಇಂಜೆಕ್ಷನ್, ಸ್ಕ್ಯಾನ್, ರಕ್ತಪರೀಕ್ಷೆ ಅಂತ ಅಲೆದವರಿಗೆ ಯಾರಾದರೂ ಒಂದು ದೊಡ್ಡ ಸಂಖ್ಯೆ ಹೇಳಿದರೆ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಅನ್ನಿಸುತ್ತೆ, ಪ್ರಶ್ನೆ ಮಾಡಬೇಕು ಅನ್ನಿಸಲ್ಲ.

ಸಕ್ಸಸ್ ರೇಟ್ ಅನ್ನುವುದು ಒಂದು ಭಿನ್ನರಾಶಿ. ಗೆರೆಯ ಮೇಲೊಂದು ಸಂಖ್ಯೆ, ಕೆಳಗೊಂದು ಸಂಖ್ಯೆ. ಮೇಲೆ ಏನನ್ನು ‘ಯಶಸ್ಸು’ ಅಂತ ಎಣಿಸಿದ್ದಾರೆ, ಕೆಳಗೆ ಯಾರನ್ನೆಲ್ಲ ಸೇರಿಸಿದ್ದಾರೆ ಅನ್ನುವುದರ ಮೇಲೆ ಉತ್ತರ ಹಿಗ್ಗುತ್ತೆ, ಕುಗ್ಗುತ್ತೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಇದು ಯಾವ ಕ್ಲಿನಿಕ್‌ನ ಅಂಕಿ-ಅಂಶವೂ ಅಲ್ಲ, ವಿಷಯ ತಿಳಿಯಲಿ ಅಂತ ನಾನೇ ಹಾಕಿಕೊಂಡ ಸಂಖ್ಯೆಗಳು. 100 ಮಹಿಳೆಯರು ಐವಿಎಫ್‌ಗೆ, ಅಂದರೆ ಲ್ಯಾಬ್‌ನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆಗೆ, ಇಂಜೆಕ್ಷನ್ ಶುರು ಮಾಡಿದರು ಅಂದುಕೊಳ್ಳಿ. 8 ಜನರಲ್ಲಿ ಅಂಡಾಣು ಸರಿಯಾಗಿ ಬೆಳೆಯಲಿಲ್ಲ, ಸೈಕಲ್ ಅಲ್ಲೇ ನಿಂತಿತು. ಉಳಿದ 92 ಜನಕ್ಕೆ ಎಗ್ ಪಿಕಪ್, ಅಂದರೆ ಅಂಡಾಣು ಹೊರತೆಗೆಯುವ ಕೆಲಸ, ಆಯ್ತು. ಅವರಲ್ಲಿ 22 ಜನಕ್ಕೆ ಫ್ರೀಜ್ ಮಾಡುವಂಥ ಭ್ರೂಣ ಒಂದೂ ಸಿಗಲಿಲ್ಲ. ಉಳಿದವರು 70. ಕರಗಿಸುವಾಗ ಇಬ್ಬರ ಭ್ರೂಣ ಬದುಕಲಿಲ್ಲ. ಭ್ರೂಣ ಹಾಕಿಸಿಕೊಳ್ಳಲು ಟ್ರಾನ್ಸ್‌ಫರ್ ಟೇಬಲ್ ಮೇಲೆ ಮಲಗಿದವರು 68. ಅವರಲ್ಲಿ 44 ಜನಕ್ಕೆ ಬೀಟಾ ಪಾಸಿಟಿವ್ ಬಂತು. ಸ್ಕ್ಯಾನ್‌ನಲ್ಲಿ ಎದೆಬಡಿತ ಕಂಡದ್ದು 36 ಜನಕ್ಕೆ. ಕೊನೆಗೆ ಮಗುವನ್ನು ಎತ್ತಿಕೊಂಡು ಮನೆಗೆ ಹೋದವರು 30.

ಈಗ ಈ ಕ್ಲಿನಿಕ್‌ನ ಸಕ್ಸಸ್ ರೇಟ್ ಎಷ್ಟು? 68ಕ್ಕೆ 44 ಅಂದರೆ ಶೇ. 65. 68ಕ್ಕೆ 36 ಅಂದರೆ ಶೇ. 53. 68ಕ್ಕೆ 30 ಅಂದರೆ ಶೇ. 44. 100ಕ್ಕೆ 30 ಅಂದರೆ ಶೇ. 30. ಅದೇ ಕ್ಲಿನಿಕ್, ಅದೇ ಹೆಂಗಸರು, ಅದೇ ಮಕ್ಕಳು. ನಾಲ್ಕೂ ಉತ್ತರ ನಿಜ. ಬೋರ್ಡ್ ಮೇಲೆ ಬರೆಸುವಾಗ ಯಾವುದನ್ನು ಆರಿಸುತ್ತಾರೆ ಅಂತ ಊಹಿಸುವುದು ಕಷ್ಟವೇನಲ್ಲ.

ಟ್ರಾನ್ಸ್‌ಫರ್ ಆಗಿ ಸುಮಾರು 10ರಿಂದ 14 ದಿನಕ್ಕೆ, ಗರ್ಭದ ಹಾರ್ಮೋನ್ ಎಷ್ಟಿದೆ ಅಂತ ನೋಡಲು ಮಾಡುವ ರಕ್ತಪರೀಕ್ಷೆಯೇ ಬೀಟಾ. ಅದು ಪಾಸಿಟಿವ್ ಬಂದರೆ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳಲು ಶುರು ಮಾಡಿದೆ ಅಂತ ಅರ್ಥ, ಅಷ್ಟೇ. ಕೆಲವರಿಗೆ ಒಂದೇ ವಾರದಲ್ಲಿ ಆ ಸಂಖ್ಯೆ ಇಳಿದುಬಿಡುತ್ತೆ. ಬೀಟಾ ಪಾಸಿಟಿವ್ ಬಂದದ್ದನ್ನೇ ಸಕ್ಸಸ್ ಅಂತ ಎಣಿಸುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಇಲ್ಲಿ ಹೊಲಿಸುವವರು ಒಬ್ಬರು, ನೋಯುವವರು ಇನ್ನೊಬ್ಬರು.

ಗೆರೆಯ ಕೆಳಗಿನ ಸಂಖ್ಯೆ ಇನ್ನೂ ಸೂಕ್ಷ್ಮ. ಫ್ರೋಜನ್ ಟ್ರಾನ್ಸ್‌ಫರ್‌ವರೆಗೆ ಬಂದವರು ಆಗಲೇ ಎರಡು ಮೂರು ಜರಡಿ ದಾಟಿ ಬಂದವರು. ಅಂಡಾಣು ಸಿಕ್ಕಿತು, ಭ್ರೂಣ ಆಯ್ತು, ಅದು ಐದಾರು ದಿನ ಲ್ಯಾಬ್‌ನಲ್ಲಿ ಬೆಳೆಯಿತು, ಫ್ರೀಜ್ ಮಾಡುವಷ್ಟು ಚೆನ್ನಾಗಿತ್ತು. ಜರಡಿಯಲ್ಲಿ ಉಳಿದವರನ್ನಷ್ಟೇ ಎಣಿಸಿದರೆ ಶೇಕಡಾವಾರು ಚೆನ್ನಾಗಿಯೇ ಕಾಣುತ್ತೆ. ಇದರ ಜೊತೆಗೆ ಕೆಲವರು ಡೋನರ್ ಅಂಡಾಣುವಿನ ಕೇಸುಗಳನ್ನೂ ಅದೇ ಸರಾಸರಿಗೆ ಸೇರಿಸುತ್ತಾರೆ. ಡೋನರ್‌ಗಳು ಸಾಮಾನ್ಯವಾಗಿ ಚಿಕ್ಕ ವಯಸ್ಸಿನವರು. 43ರ ಹೆಂಗಸಿಗೆ 25ರವಳ ಅಂಡಾಣುವಿನ ಭ್ರೂಣ ಹಾಕಿದರೆ ಗರ್ಭ ನಿಲ್ಲುವ ಸಾಧ್ಯತೆ 25ರ ಲೆಕ್ಕದ ಹತ್ತಿರಕ್ಕೆ ಬರುತ್ತೆ. ಸ್ವಂತ ಅಂಡಾಣು ಬಳಸುವ 43ರವರು ಆ ಸರಾಸರಿಯನ್ನು ನಂಬಿ ಕೂತರೆ ಮೋಸ ಹೋದಂತೆ.

ಫ್ರೀಜ್ ಮಾಡುವುದು ಅಂದರೆ ಏನು?

ಇದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಫ್ರಿಜ್‌ನಲ್ಲಿಟ್ಟ ತರಕಾರಿ ಬಾಡುವ ಹಾಗೆ ಭ್ರೂಣವೂ ಬಾಡುತ್ತೆ ಅನ್ನುವ ಅನುಮಾನ ತುಂಬಾ ಜನಕ್ಕಿದೆ.

ಐದನೇ ದಿನದ ಭ್ರೂಣಕ್ಕೆ ಬ್ಲಾಸ್ಟೋಸಿಸ್ಟ್ ಅನ್ನುತ್ತಾರೆ. ನೂರು-ಇನ್ನೂರು ಕೋಶಗಳ ಒಂದು ಗುಂಡನೆಯ ಗುಳ್ಳೆ ಅದು, ಒಳಗೆ ನೀರು. ಅಗಲ ಒಂದು ಮಿಲಿಮೀಟರ್‌ನ ಐದನೇ ಒಂದು ಭಾಗದಷ್ಟು. ಬರಿಗಣ್ಣಿಗೆ ಕಂಡರೂ ಒಂದು ಚುಕ್ಕಿ. ಇದನ್ನು ತಂಪು ಮಾಡುವಾಗ ಇರುವ ದೊಡ್ಡ ಶತ್ರು ಚಳಿಯಲ್ಲ, ಮಂಜುಗಡ್ಡೆ. ಕೋಶದೊಳಗಿನ ನೀರು ಹರಳುಗಟ್ಟಿದರೆ ಆ ಹರಳಿನ ಮೊನೆ ಕೋಶವನ್ನೇ ಸೀಳುತ್ತೆ.

ಹಳೆಯ ವಿಧಾನದಲ್ಲಿ ನಿಮಿಷಕ್ಕೆ ಒಂದು ಡಿಗ್ರಿಯೂ ಅಲ್ಲ, ಸುಮಾರು 0.3 ಡಿಗ್ರಿಯಂತೆ ನಿಧಾನವಾಗಿ ತಣಿಸುತ್ತಿದ್ದರು. ಈಗ ಎಲ್ಲೆಡೆ ನಡೆಯುವುದು ವಿಟ್ರಿಫಿಕೇಶನ್. ಮೊದಲು ಕೋಶದಿಂದ ನೀರು ತೆಗೆದು, ಆ ಜಾಗಕ್ಕೆ ಮಂಜುಗಟ್ಟದಂತೆ ಕಾಪಾಡುವ ದ್ರಾವಣ ತುಂಬುತ್ತಾರೆ. ಆಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿಯ ತುದಿಯಲ್ಲಿ ಒಂದು ಹನಿಗಿಂತ ಕಡಿಮೆ ದ್ರವದಲ್ಲಿ ಭ್ರೂಣವನ್ನಿಟ್ಟು, ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಅದ್ದಿಬಿಡುತ್ತಾರೆ. ತಾಪ ಎಷ್ಟು ರಭಸವಾಗಿ ಇಳಿಯುತ್ತೆ ಅಂದರೆ ನೀರಿಗೆ ಹರಳಾಗಲು ಪುರಸೊತ್ತೇ ಸಿಗಲ್ಲ. ಅದು ಗಾಜಿನ ಹಾಗೆ ಗಟ್ಟಿಯಾಗುತ್ತೆ.

ಟ್ರಾನ್ಸ್‌ಫರ್ ದಿನ ಬೆಳಗ್ಗೆ ಅದನ್ನು ವಾಪಸ್ ತರುವುದು ಲ್ಯಾಬ್‌ನ ಉಸಿರು ಬಿಗಿಹಿಡಿಯುವ ಕೆಲಸ. ಎಂಬ್ರಿಯಾಲಜಿಸ್ಟ್ ಆ ಪಟ್ಟಿಯನ್ನು ಸಾರಜನಕದಿಂದ ಎತ್ತಿ, 37 ಡಿಗ್ರಿಗೆ ಬೆಚ್ಚಗಿಟ್ಟ ದ್ರಾವಣಕ್ಕೆ ಒಂದೇ ಏಟಿಗೆ ಇಳಿಸುತ್ತಾರೆ. ಒಂದು ಕ್ಷಣ ತಡವಾದರೂ ಹರಳು ಹುಟ್ಟಬಹುದು. ಅಲ್ಲಿ ಸುಮಾರು ಒಂದು ನಿಮಿಷ. ಆಮೇಲೆ ಬೇರೆ ಬೇರೆ ದ್ರಾವಣಗಳಲ್ಲಿ ಹತ್ತು ಹದಿನೈದು ನಿಮಿಷ, ತೆಗೆದ ನೀರನ್ನು ಮೆಲ್ಲಗೆ ವಾಪಸ್ ತುಂಬಿಸಲು. ಮೊದಲಿಗೆ ಮೈಕ್ರೋಸ್ಕೋಪ್‌ನಲ್ಲಿ ಕಾಣುವುದು ಗಾಳಿ ಹೋದ ಬಲೂನಿನಂತೆ ಮುದುಡಿದ ಒಂದು ಉಂಡೆ. ಎರಡು ಮೂರು ಗಂಟೆಯಲ್ಲಿ ಅದು ಮತ್ತೆ ಉಬ್ಬಿ ದುಂಡಗಾದರೆ ಸಮಾಧಾನ. ಒಳ್ಳೆಯ ಲ್ಯಾಬ್‌ಗಳಲ್ಲಿ 100 ಬ್ಲಾಸ್ಟೋಸಿಸ್ಟ್ ಕರಗಿಸಿದರೆ 95ರ ಆಸುಪಾಸು ಬದುಕುತ್ತವೆ. ಹಳೆಯ ನಿಧಾನ ವಿಧಾನದಲ್ಲಿ ಇಷ್ಟು ಉಳಿಯುತ್ತಿರಲಿಲ್ಲ. ಫ್ರೋಜನ್ ಟ್ರಾನ್ಸ್‌ಫರ್ ಇವತ್ತು ಇಷ್ಟು ಹರಡಲು ಇದೇ ಮುಖ್ಯ ಕಾರಣ.

ಇನ್ನು ಬಾಡುವ ಮಾತು. ಮೈನಸ್ 196ರಲ್ಲಿ ಜೀವರಾಸಾಯನಿಕ ಕೆಲಸಗಳೆಲ್ಲ ನಿಂತಂತೆಯೇ. 1994ರಲ್ಲಿ ಫ್ರೀಜ್ ಮಾಡಿದ ಒಂದು ಭ್ರೂಣದಿಂದ 2025ರ ಜುಲೈನಲ್ಲಿ ಅಮೆರಿಕದಲ್ಲಿ ಮಗು ಹುಟ್ಟಿತು. ಮೂವತ್ತು ವರ್ಷಕ್ಕೂ ಜಾಸ್ತಿ! ಹಾಗಂತ ಮೂವತ್ತು ವರ್ಷ ಕಾಯಬಹುದು ಅಂತಲ್ಲ. ಭ್ರೂಣಕ್ಕೆ ವಯಸ್ಸಾಗದಿದ್ದರೂ ಅದನ್ನು ಹೊರಬೇಕಾದ ಮೈಗೆ ಆಗುತ್ತಲ್ಲ.

ಇದರ ಚರಿತ್ರೆಯಲ್ಲೂ ಒಂದು ನೋವಿನ ಎಳೆ ಇದೆ. ಜಗತ್ತಿನ ಮೊದಲ ಐವಿಎಫ್ ಮಗು ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದೇ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ ಒಂದು ಹೆಣ್ಣುಮಗು ಹುಟ್ಟಿತು. ಆ ಭ್ರೂಣವನ್ನು ತಾವು ಫ್ರೀಜ್ ಮಾಡಿಟ್ಟಿದ್ದಾಗಿ ಅವರು ಹೇಳಿದರು. ತನಿಖಾ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು, ಮನ್ನಣೆ ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ. ಪಠ್ಯಪುಸ್ತಕದ ಚರಿತ್ರೆ ಮೆಲ್ಬರ್ನ್‌ನಿಂದ ಶುರುವಾಗುತ್ತೆ. ಅಲ್ಲಿ 1983ರಲ್ಲಿ ಫ್ರೋಜನ್ ಭ್ರೂಣದಿಂದ ಗರ್ಭ ನಿಂತ ವರದಿ ಬಂತು, ಆದರೆ ಆ ಗರ್ಭ ಉಳಿಯಲಿಲ್ಲ. ಮರುವರ್ಷ ಮಗು ಹುಟ್ಟಿತು.

ತಾಜಾ ಒಳ್ಳೆಯದಾ, ಫ್ರೋಜನ್ ಒಳ್ಳೆಯದಾ?

‘ಎಲ್ಲ ಭ್ರೂಣಗಳನ್ನೂ ಫ್ರೀಜ್ ಮಾಡಿ, ಒಂದೆರಡು ತಿಂಗಳು ಬಿಟ್ಟು ಹಾಕೋಣ, ಸಕ್ಸಸ್ ಜಾಸ್ತಿ’ ಅನ್ನುವ ಮಾತು ಈಗ ಕ್ಲಿನಿಕ್‌ಗಳಲ್ಲಿ ಸಾಮಾನ್ಯ. ಇದರ ಹಿಂದೆ ಒಂದು ಒಳ್ಳೆಯ ತರ್ಕವಿದೆ. ಅಂಡಾಣು ಬೆಳೆಸಲು ಕೊಡುವ ಇಂಜೆಕ್ಷನ್‌ಗಳಿಂದ ಹಾರ್ಮೋನ್ ಮಟ್ಟ ಸಹಜಕ್ಕಿಂತ ಎಷ್ಟೋ ಪಟ್ಟು ಏರುತ್ತೆ. ಆಗ ಗರ್ಭಕೋಶದ ಒಳಪದರ, ಅಂದರೆ ಎಲ್ಲರೂ ಲೈನಿಂಗ್ ಅನ್ನುವುದು, ಭ್ರೂಣದ ಹೆಜ್ಜೆಗೆ ಹೆಜ್ಜೆ ಹಾಕದೆ ಮುಂದೆ ಓಡಿಬಿಡಬಹುದು. ಭ್ರೂಣ ಬಾಗಿಲಿಗೆ ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತೆ. ಫ್ರೀಜ್ ಮಾಡಿ, ಮೈ ತಣ್ಣಗಾದ ಮೇಲೆ ಹಾಕಿದರೆ ಆ ತೊಂದರೆ ಇಲ್ಲ.

ತರ್ಕ ಸರಿ. ಅಂಕಿ ಏನು ಹೇಳುತ್ತೆ? ಮೊದಮೊದಲು ಬಂದ ಹೋಲಿಕೆಗಳಲ್ಲಿ ಫ್ರೋಜನ್ ಗೆದ್ದ ಹಾಗೆ ಕಾಣುತ್ತಿತ್ತು. ಆದರೆ ಅವುಗಳಲ್ಲಿ ಎಷ್ಟೋ ಹೋಲಿಕೆಗಳು ಜರಡಿ ದಾಟಿದವರನ್ನು ದಾಟದವರ ಜೊತೆ ಇಟ್ಟು ತೂಗಿದಂಥವು. ಫ್ರೀಜ್ ಮಾಡುವಷ್ಟು ಭ್ರೂಣ ಇದ್ದವರೇ ಅದೃಷ್ಟವಂತರು, ಅವರಿಗೆ ಹೇಗೆ ಹಾಕಿದರೂ ಸಕ್ಸಸ್ ಜಾಸ್ತಿಯೇ. ನಿಜ ತಿಳಿಯಬೇಕಾದರೆ ಒಂದೇ ಥರದ ಮಹಿಳೆಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಾಜಾ, ಇನ್ನೊಂದಕ್ಕೆ ಫ್ರೋಜನ್ ಹಾಕಿ ನೋಡಬೇಕು.

ಹಾಗೆ ಮಾಡಿದ ದೊಡ್ಡ ಅಧ್ಯಯನಗಳು ಬಂದದ್ದು 2016ರಿಂದ ಈಚೆಗೆ. ಮೊದಲನೆಯದು ಚೀನಾದ್ದು, ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ಸ್ಥಿತಿ) ಇದ್ದ 1508 ಮಹಿಳೆಯರ ಮೇಲೆ. ಮೊದಲ ಟ್ರಾನ್ಸ್‌ಫರ್‌ನಲ್ಲಿ ಮಗು ಹುಟ್ಟಿದ್ದು ಫ್ರೋಜನ್ ಗುಂಪಿನಲ್ಲಿ ಶೇ. 49.3, ತಾಜಾ ಗುಂಪಿನಲ್ಲಿ ಶೇ. 42. ಫ್ರೋಜನ್ ಗೆದ್ದಿತು. ಇನ್ನೂ ಮುಖ್ಯವಾದದ್ದು, ಅಂಡಾಶಯ ವಿಪರೀತ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ಅಪಾಯಕಾರಿ ಸ್ಥಿತಿ ಶೇ. 7.1ರಿಂದ ಶೇ. 1.3ಕ್ಕೆ ಇಳಿಯಿತು. ಪಿಸಿಒಎಸ್ ಇದ್ದವರಿಗೆ ಇದು ದೊಡ್ಡ ನೆಮ್ಮದಿ.

ಆದರೆ ಎಲ್ಲರಿಗೂ ಪಿಸಿಒಎಸ್ ಇರಲ್ಲ. 2018ರಲ್ಲಿ ಎರಡು ಅಧ್ಯಯನ ಒಟ್ಟಿಗೇ ಬಂದವು. ಚೀನಾದಲ್ಲಿ ಸಹಜವಾಗಿ ಅಂಡಾಣು ಬಿಡುಗಡೆಯಾಗುವ 2157 ಮಹಿಳೆಯರನ್ನು ನೋಡಿದರೆ, ಫ್ರೋಜನ್ ಶೇ. 48.7, ತಾಜಾ ಶೇ. 50.2. ವಿಯೆಟ್ನಾಂನಲ್ಲಿ 782 ಮಹಿಳೆಯರಲ್ಲಿ ಫ್ರೋಜನ್ ಶೇ. 33.8, ತಾಜಾ ಶೇ. 31.5. ಎರಡರಲ್ಲೂ ವ್ಯತ್ಯಾಸ ಇಲ್ಲ ಅಂತಲೇ ಅರ್ಥ. 2019ರಲ್ಲಿ ಮತ್ತೆ ಚೀನಾದಲ್ಲಿ 1650 ಮಹಿಳೆಯರಿಗೆ ಒಂದೇ ಒಂದು ಬ್ಲಾಸ್ಟೋಸಿಸ್ಟ್ ಹಾಕಿ ನೋಡಿದಾಗ ಫ್ರೋಜನ್ ಶೇ. 50, ತಾಜಾ ಶೇ. 40. ಬ್ರಿಟನ್ನಿನಲ್ಲಿ 600ಕ್ಕೂ ಹೆಚ್ಚು ದಂಪತಿಗಳನ್ನು ನೋಡಿದ ಅಧ್ಯಯನ 2022ರಲ್ಲಿ ಬಂತು, ಅಲ್ಲಿ ಫ್ರೋಜನ್‌ಗೆ ಯಾವ ಮೇಲುಗೈಯೂ ಕಾಣಲಿಲ್ಲ.

ಈಚಿನದು 2025ರದ್ದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ಅಂಡಾಣು ಕಡಿಮೆ ಸಿಗುವ, ಮೊದಲೇ ಸಾಧ್ಯತೆ ಕಡಿಮೆ ಅಂತ ಗೊತ್ತಿದ್ದ 838 ಮಹಿಳೆಯರನ್ನು ಚೀನಾದಲ್ಲಿ ಹೀಗೇ ಎರಡು ಗುಂಪು ಮಾಡಿದರು. ಫ್ರೋಜನ್ ಗುಂಪಿನಲ್ಲಿ ಮಗು ಹುಟ್ಟಿದ್ದು ಶೇ. 32, ತಾಜಾ ಗುಂಪಿನಲ್ಲಿ ಶೇ. 40. ಅಂದರೆ ಇವರಿಗೆ ಫ್ರೀಜ್ ಮಾಡಿದ್ದೇ ನಷ್ಟ. ಒಂದೋ ಎರಡೋ ಭ್ರೂಣ ಇರುವವರಿಗೆ ಫ್ರೀಜ್ ಮಾಡಿ ಕರಗಿಸುವ ಪ್ರತಿ ಹೆಜ್ಜೆಯೂ ಕಳೆದುಕೊಳ್ಳುವ ಸಂದರ್ಭವೇ.

ಹಾಗಾಗಿ ‘ಫ್ರೋಜನ್ ಮಾಡಿದರೆ ಸಕ್ಸಸ್ ಜಾಸ್ತಿ’ ಅನ್ನುವ ವಾಕ್ಯ ಅರ್ಧ ಮಾತ್ರ. ಯಾರಿಗೆ ಅನ್ನುವುದು ಇನ್ನರ್ಧ. ತುಂಬಾ ಅಂಡಾಣು ಬಂದವರಿಗೆ, ಪಿಸಿಒಎಸ್ ಇರುವವರಿಗೆ ಫ್ರೀಜ್ ಮಾಡಿ ಕಾಯುವುದು ಜಾಣತನ. ಎಲ್ಲರಿಗೂ ಕಣ್ಣು ಮುಚ್ಚಿ ಅದನ್ನೇ ಮಾಡುವುದಕ್ಕೆ ಆಧಾರ ಇಲ್ಲ. ಒಂದು ಮಾತು ಮಾತ್ರ ಒಪ್ಪಬೇಕು, ಭ್ರೂಣದ ವಂಶವಾಹಿ ಪರೀಕ್ಷೆ ಮಾಡಿಸುವವರಿಗೆ ರಿಪೋರ್ಟ್ ಬರುವವರೆಗೆ ಫ್ರೀಜ್ ಮಾಡದೆ ಬೇರೆ ದಾರಿ ಇರುವುದು ಕಡಿಮೆ.

ಗ್ರೇಡ್ ಅಲ್ಲ, ವಯಸ್ಸು

ಮತ್ತೆ ಆ ಹಾಳೆಗೆ ಬರೋಣ. 4ಎಎ ಅಂದರೇನು? ಮೊದಲ ಅಂಕಿ ಭ್ರೂಣ ಎಷ್ಟು ಉಬ್ಬಿದೆ ಅನ್ನುವುದಕ್ಕೆ, 1ರಿಂದ 6ರವರೆಗೆ. ಮೊದಲ ಅಕ್ಷರ ಮಗುವಾಗುವ ಕೋಶಗಳಿಗೆ, ಎರಡನೆಯದು ಮಾಸು ಆಗುವ ಹೊರಗಿನ ಕೋಶಗಳಿಗೆ. ಇದು ಮೈಕ್ರೋಸ್ಕೋಪ್‌ನಲ್ಲಿ ಕಣ್ಣಿಂದ ನೋಡಿ ಕೊಡುವ ಅಂಕ. ನೋಡಲು ಚೆಂದ ಇರುವ ಭ್ರೂಣಕ್ಕೆ ಅವಕಾಶ ಸ್ವಲ್ಪ ಜಾಸ್ತಿ ನಿಜ, ಆದರೆ ಕ್ರೋಮೋಸೋಮ್ ಸರಿ ಇದೆಯೋ ಇಲ್ಲವೋ ಅನ್ನುವುದು ಚಂದದಿಂದ ತಿಳಿಯಲ್ಲ. 4ಎಎ ಸೋತು 4ಬಿಬಿ ಗೆದ್ದು ಹುಟ್ಟಿದ ಮಕ್ಕಳು ಬೇಕಾದಷ್ಟು.

ಲೆಕ್ಕವನ್ನು ಅಲುಗಾಡಿಸುವ ದೊಡ್ಡ ಸಂಗತಿ ಒಂದೇ. ಅಂಡಾಣು ತೆಗೆದ ದಿನ ಆ ಹೆಂಗಸಿನ ವಯಸ್ಸು. ಟ್ರಾನ್ಸ್‌ಫರ್ ದಿನದ ವಯಸ್ಸಲ್ಲ. 33ರಲ್ಲಿ ಫ್ರೀಜ್ ಮಾಡಿ 38ರಲ್ಲಿ ಹಾಕಿಸಿಕೊಂಡರೆ ಭ್ರೂಣಕ್ಕೆ 33ರ ಲೆಕ್ಕವೇ. ಕಾರಣ ಕ್ರೋಮೋಸೋಮ್. ವಯಸ್ಸಾದಂತೆ ಅಂಡಾಣು ತನ್ನ ಕ್ರೋಮೋಸೋಮ್‌ಗಳ ಪಾಲು ಹಂಚಿಕೊಳ್ಳುವಾಗ ತಪ್ಪು ಮಾಡುವುದು ಜಾಸ್ತಿಯಾಗುತ್ತೆ. ಇಪ್ಪತ್ತರ ಕೊನೆಯಲ್ಲಿ ಈ ತಪ್ಪು ಅತಿ ಕಡಿಮೆ. 40ರ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಭ್ರೂಣಗಳಲ್ಲಿ ಕ್ರೋಮೋಸೋಮ್ ಏರುಪೇರು ಇರುತ್ತೆ. ಅಂಥವು ಬಹುಪಾಲು ಅಂಟಿಕೊಳ್ಳುವುದೇ ಇಲ್ಲ, ಅಂಟಿಕೊಂಡರೂ ಮೊದಲ ಮೂರು ತಿಂಗಳಲ್ಲೇ ಗರ್ಭ ಜಾರುತ್ತೆ. ಇದು ಯಾರ ತಪ್ಪೂ ಅಲ್ಲ. ಮೆಟ್ಟಿಲು ಹತ್ತಿದ್ದಕ್ಕೆ, ಬಕೆಟ್ ಎತ್ತಿದ್ದಕ್ಕೆ ಆದದ್ದಲ್ಲ. ಟ್ರಾನ್ಸ್‌ಫರ್ ಆದ ಮೇಲೆ ಎರಡು ವಾರ ಅಲ್ಲಾಡದೆ ಮಲಗಿದರೆ ಸಕ್ಸಸ್ ಹೆಚ್ಚುತ್ತೆ ಅನ್ನುವುದಕ್ಕೂ ಆಧಾರ ಇಲ್ಲ. ಎದ್ದು ನಿಂತರೆ ಭ್ರೂಣ ಜಾರಿ ಬೀಳಲ್ಲ.

ಹಾಗಾದರೆ ಕ್ರೋಮೋಸೋಮ್ ಪರೀಕ್ಷೆ ಮಾಡಿಸಿ ಒಳ್ಳೆಯದನ್ನೇ ಆರಿಸಿ ಹಾಕಿದರೆ ಆಯ್ತಲ್ಲ? ಪಿಜಿಟಿ-ಎ ಅನ್ನುವ ಪರೀಕ್ಷೆ ಇರುವುದು ಅದಕ್ಕೇ. ಭ್ರೂಣದ ಹೊರಗಿನ ಐದಾರು ಕೋಶ ಕಿತ್ತು ನೋಡುತ್ತಾರೆ. ಇಲ್ಲೂ ಭಿನ್ನರಾಶಿಯ ಆಟ ಶುರು. ಪರೀಕ್ಷೆಯಲ್ಲಿ ಪಾಸಾದ ಭ್ರೂಣಗಳನ್ನಷ್ಟೇ ಎಣಿಸಿದರೆ ಪ್ರತಿ ಟ್ರಾನ್ಸ್‌ಫರ್‌ನ ಸಕ್ಸಸ್ ಚೆನ್ನಾಗಿ ಕಾಣುತ್ತೆ, ಯಾಕಂದರೆ ಫೇಲಾದವು ಗೆರೆಯ ಕೆಳಗೆ ಬರುವುದೇ ಇಲ್ಲ. ಆದರೆ ಪರೀಕ್ಷೆ ಹೊಸ ಭ್ರೂಣ ಹುಟ್ಟಿಸಲ್ಲ, ಇರುವುದರಲ್ಲಿ ಆರಿಸುತ್ತೆ ಅಷ್ಟೇ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕನಿಷ್ಠ ಮೂರು ಒಳ್ಳೆಯ ಬ್ಲಾಸ್ಟೋಸಿಸ್ಟ್ ಇದ್ದ 1212 ಮಹಿಳೆಯರಲ್ಲಿ ಅರ್ಧ ಜನಕ್ಕೆ ಪರೀಕ್ಷೆ ಮಾಡಿ ಹಾಕಿದರು, ಅರ್ಧ ಜನಕ್ಕೆ ಸುಮ್ನೆ ನೋಡಿ ಹಾಕಿದರು. ಒಂದು ವರ್ಷದೊಳಗೆ ಹಾಕಿದ ಭ್ರೂಣಗಳಿಂದ ಒಟ್ಟು ಮಗು ಹುಟ್ಟಿದ್ದು ಪರೀಕ್ಷೆ ಗುಂಪಿನಲ್ಲಿ ಶೇ. 77.2, ಇನ್ನೊಂದರಲ್ಲಿ ಶೇ. 81.8. ಪರೀಕ್ಷೆ ಮಾಡಿಸಿದವರಿಗೆ ಗರ್ಭಪಾತ ಸ್ವಲ್ಪ ಕಡಿಮೆ ಆಯ್ತು, ಮಕ್ಕಳು ಜಾಸ್ತಿ ಆಗಲಿಲ್ಲ. ಈ ಅಧ್ಯಯನದವರೆಲ್ಲ 38ರ ಒಳಗಿನವರು ಅನ್ನುವುದನ್ನೂ ನೆನಪಿಡಬೇಕು. ವಯಸ್ಸಾದವರಿಗೆ, ಮತ್ತೆ ಮತ್ತೆ ಗರ್ಭ ಹೋದವರಿಗೆ ವೃಥಾ ಟ್ರಾನ್ಸ್‌ಫರ್ ತಪ್ಪಿಸಲು ಪರೀಕ್ಷೆ ನೆರವಾಗಬಹುದು. ಎಲ್ಲರಿಗೂ ಬೇಕೇ ಬೇಕು ಅನ್ನುವುದು ಮಾರಾಟದ ಮಾತು.

ಮಾರಾಟದ ಮಾತು ಬಂದದ್ದಕ್ಕೆ ಇನ್ನೆರಡು ಹೇಳಿಬಿಡುತ್ತೇನೆ. ಟ್ರಾನ್ಸ್‌ಫರ್‌ಗೆ ಮೊದಲು ಗರ್ಭಕೋಶದ ಒಳಪದರವನ್ನು ಸ್ವಲ್ಪ ಗೀರಿದರೆ ಭ್ರೂಣ ಚೆನ್ನಾಗಿ ಅಂಟಿಕೊಳ್ಳುತ್ತೆ ಅಂತ ಎಷ್ಟೋ ವರ್ಷ ಗೀರಿದರು. 2019ರಲ್ಲಿ 1364 ಮಹಿಳೆಯರ ಅಧ್ಯಯನದ ಫಲಿತಾಂಶ ಬಂತು. ಮಗು ಹುಟ್ಟಿದ್ದು ಗೀರಿದವರಲ್ಲಿ ಶೇ. 26.1, ಗೀರದವರಲ್ಲೂ ಶೇ. 26.1. ದಶಮಾಂಶವೂ ಬದಲಾಗಲಿಲ್ಲ. ಇನ್ನೊಂದು, ಒಳಪದರದ ತುಣುಕು ತೆಗೆದು ‘ನಿಮ್ಮ ಕಿಟಕಿ ಯಾವಾಗ ತೆರೆಯುತ್ತೆ’ ಅಂತ ಹೇಳುವ ದುಬಾರಿ ಪರೀಕ್ಷೆ. 2022ರಲ್ಲಿ ಬಂದ ಅಧ್ಯಯನದಲ್ಲಿ ಆ ಪರೀಕ್ಷೆಯಂತೆ ಸಮಯ ನೋಡಿ ಹಾಕಿದವರಲ್ಲಿ ಶೇ. 58.5, ಮಾಮೂಲಿ ಸಮಯಕ್ಕೆ ಹಾಕಿದವರಲ್ಲಿ ಶೇ. 61.9 ಮಗು ಹುಟ್ಟಿತು. ಉಪಯೋಗ ಕಾಣಲಿಲ್ಲ.

ಮುಟ್ಟಿನ ಸಹಜ ಚಕ್ರದಲ್ಲಿ ಹಾಕುವುದಾ, ಮಾತ್ರೆ ಕೊಟ್ಟು ಲೈನಿಂಗ್ ಬೆಳೆಸಿ ಹಾಕುವುದಾ? ಇದು ಸಕ್ಸಸ್ ರೇಟ್ ಪಟ್ಟಿಯಲ್ಲಿ ಕಾಣದ, ಆದರೆ ಕೇಳಲೇಬೇಕಾದ ಪ್ರಶ್ನೆ. ಮಾತ್ರೆ ಚಕ್ರದಲ್ಲಿ ಕ್ಲಿನಿಕ್‌ಗೆ ಅನುಕೂಲ ಜಾಸ್ತಿ, ದಿನ ಮೊದಲೇ ಗೊತ್ತುಮಾಡಬಹುದು. ಆದರೆ ಆಗ ಅಂಡಾಣು ಬಿಡುಗಡೆ ಆಗಲ್ಲ. ಅದರ ನಂತರ ಅಂಡಾಶಯದಲ್ಲಿ ಉಳಿಯುವ ಕಾರ್ಪಸ್ ಲ್ಯೂಟಿಯಂ ಅನ್ನುವ ಪುಟ್ಟ ಗ್ರಂಥಿಯೂ ಇರಲ್ಲ. ಬಸಿರಿನ ಮೊದಲ ವಾರಗಳಲ್ಲಿ ರಕ್ತನಾಳಗಳನ್ನು ಸಡಿಲಗೊಳಿಸುವ ಹಾರ್ಮೋನ್‌ಗಳು ಬರುವುದು ಅಲ್ಲಿಂದ. ಅಮೆರಿಕದಲ್ಲಿ 2019ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಆ ಗ್ರಂಥಿ ಇಲ್ಲದ ಮಾತ್ರೆ ಚಕ್ರದಲ್ಲಿ ಬಸಿರಾದವರಲ್ಲಿ ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸಿರಿನಲ್ಲಿ ಬಿಪಿ ಏರಿ ತಾಯಿ-ಮಗು ಇಬ್ಬರಿಗೂ ಅಪಾಯವಾಗುವ ಸ್ಥಿತಿ, ಶೇ. 12.8 ಕಂಡಿತು. ಸಹಜ ಚಕ್ರದವರಲ್ಲಿ ಶೇ. 3.9. ಮೇಲೆ ಹೇಳಿದ 2019ರ ಚೀನಾ ಅಧ್ಯಯನದಲ್ಲೂ ಫ್ರೋಜನ್ ಗುಂಪಿನಲ್ಲಿ ಪ್ರಿಎಕ್ಲಾಂಪ್ಸಿಯಾ ಶೇ. 3.1, ತಾಜಾ ಗುಂಪಿನಲ್ಲಿ ಶೇ. 1. ಮುಟ್ಟು ಸರಿಯಾಗಿ ಆಗುವವರು ‘ನನಗೆ ಸಹಜ ಚಕ್ರದಲ್ಲಿ ಹಾಕಬಹುದಾ ಡಾಕ್ಟ್ರೇ’ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಒಂದು ಸಲವಾ, ಮೂರು ಸಲವಾ?

ಇಲ್ಲಿಯವರೆಗೆ ಅಂಕಿಗಳನ್ನು ಕೆಳಗೆ ಎಳೆದದ್ದೇ ಆಯ್ತು. ಮೇಲಕ್ಕೆ ಎತ್ತುವ ಅಂಕಿಯೂ ಒಂದಿದೆ. ಎಷ್ಟೋ ಜನ ಗಮನಿಸದ್ದೂ ಅದೇ.

ಒಂದು ಟ್ರಾನ್ಸ್‌ಫರ್‌ನಲ್ಲಿ ಶೇ. 40 ಅವಕಾಶ ಅಂದರೆ ಶೇ. 60 ಸೋಲು. ಒಂದೇ ಥರದ ಮೂರು ಭ್ರೂಣ ಇದ್ದು, ಮೂರು ಸಲ ಹಾಕಿದರೆ, ಮೂರೂ ಸಲ ಸೋಲುವ ಸಾಧ್ಯತೆ ಶೇ. 22ರಷ್ಟು. ಅಂದರೆ ಒಮ್ಮೆಯಾದರೂ ಗೆಲ್ಲುವುದು ಶೇ. 78. ಇದು ಕಾಗದದ ಲೆಕ್ಕ. ನಿಜದಲ್ಲೂ ಹೀಗೇನಾ? 2021ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ 4429 ಮಹಿಳೆಯರನ್ನು ನೋಡಿತು. ಎಲ್ಲರಿಗೂ ಕ್ರೋಮೋಸೋಮ್ ಸರಿ ಇದ್ದ ಫ್ರೋಜನ್ ಭ್ರೂಣ ಒಂದೊಂದೇ ಹಾಕಿದ್ದು. ಮೊದಲ ಸಲ ಮಗು ಹುಟ್ಟಿದ್ದು ಶೇ. 64.8. ಸೋತವರಲ್ಲಿ ಎರಡನೇ ಸಲ ಶೇ. 54.4. ಮತ್ತೂ ಸೋತವರಲ್ಲಿ ಮೂರನೇ ಸಲ ಶೇ. 54.1. ಮೂರೂ ಸೇರಿ ಲೆಕ್ಕ ಹಾಕಿದರೆ ಶೇ. 92.6. ಎರಡು ಸಲ ಸೋತವರಿಗೂ ಮೂರನೇ ಸಲದ ಅವಕಾಶ ಅರ್ಧಕ್ಕಿಂತ ಮೇಲೆಯೇ ಇತ್ತು. ‘ನನ್ನ ಗರ್ಭಕೋಶವೇ ಸರಿ ಇಲ್ಲ’ ಅಂತ ತೀರ್ಮಾನಿಸಿ ಕೂತವರಿಗೆ ಈ ಸಾಲನ್ನು ತೋರಿಸಬೇಕು.

ಆದರೆ ಇವರೂ ಜರಡಿ ದಾಟಿದವರೇ. ಕ್ರೋಮೋಸೋಮ್ ಸರಿ ಇದ್ದ ಭ್ರೂಣ ಒಂದಾದರೂ ಸಿಕ್ಕವರು. ಒಂದೂ ಸಿಗದವರು ಈ ಶೇ. 92.6ರ ಕೆಳಗೆ ಇಲ್ಲ.

ಎರಡು ಭ್ರೂಣ ಒಟ್ಟಿಗೆ ಹಾಕಿಬಿಡಿ, ಒಂದಾದರೂ ನಿಲ್ಲಲಿ ಅನ್ನುವ ಒತ್ತಾಯಕ್ಕೂ ಇಲ್ಲೇ ಉತ್ತರ ಇದೆ. 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಗು ಹುಟ್ಟಿದ್ದು ತಾಜಾ ಭ್ರೂಣ ಒಂದೇ ಹಾಕಿದರೆ ಶೇ. 27, ಎರಡು ಹಾಕಿದರೆ ಶೇ. 42. ಆದರೆ ಒಂದು ತಾಜಾ ಹಾಕಿ, ಅದು ನಿಲ್ಲದಿದ್ದರೆ ಆಮೇಲೆ ಒಂದು ಫ್ರೋಜನ್ ಹಾಕಿದವರಲ್ಲಿ ಶೇ. 38, ಹೆಚ್ಚುಕಡಿಮೆ ಅಷ್ಟೇ. ಅವಳಿ ಮಾತ್ರ ಎರಡು ಹಾಕಿದವರಲ್ಲಿ ಶೇ. 29, ಒಂದೇ ಹಾಕಿದವರಲ್ಲಿ ಶೇ. 2. ಅವಳಿ ಅಂದರೆ ಸಂಭ್ರಮ ಅನ್ನಿಸುತ್ತೆ, ಎನ್‌ಐಸಿಯು, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದ, ಗಾಜಿನಾಚೆ ನಿಂತು ನೋಡಿದವರಿಗೆ ಅದರ ಇನ್ನೊಂದು ಮುಖ ಗೊತ್ತು. ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಎಚ್‌ಎಫ್‌ಇಎ ಪ್ರತಿ ಟ್ರಾನ್ಸ್‌ಫರ್‌ಗೆ ಅನ್ನುವುದರ ಬದಲು ಹಾಕಿದ ಪ್ರತಿ ಭ್ರೂಣಕ್ಕೆ ಎಷ್ಟು ಜನನ ಅಂತ ಲೆಕ್ಕ ಕೊಡುವುದು ಇದಕ್ಕೇ. ಎರಡೆರಡು ಹಾಕಿ ರೇಟ್ ಏರಿಸಿಕೊಳ್ಳುವ ದಾರಿ ಆಗ ಮುಚ್ಚುತ್ತೆ.

ಇನ್ನು ಚಿಕ್ಕ ಸಂಖ್ಯೆಯ ಚೇಷ್ಟೆ. ಒಂದು ಕ್ಲಿನಿಕ್‌ನಲ್ಲಿ ತಿಂಗಳಿಗೆ 20 ಟ್ರಾನ್ಸ್‌ಫರ್, ನಿಜವಾದ ಸಕ್ಸಸ್ ಶೇ. 40 ಅಂದುಕೊಳ್ಳಿ. ಸರಾಸರಿ 8 ಜನ ಗೆಲ್ಲಬೇಕು. ಆದರೆ ಬರೀ ಅದೃಷ್ಟದ ಏರಿಳಿತದಿಂದಲೇ ಒಂದು ತಿಂಗಳು 4, ಇನ್ನೊಂದು ತಿಂಗಳು 12 ಬರಬಹುದು. ಅಂದರೆ ಶೇ. 20 ಒಮ್ಮೆ, ಶೇ. 60 ಒಮ್ಮೆ. ಡಾಕ್ಟರ್ ಅವರೇ, ಲ್ಯಾಬ್ ಅದೇ. ‘ಕಳೆದ ತಿಂಗಳು ನಮ್ಮಲ್ಲಿ ಶೇ. 60’ ಅನ್ನುವುದು ಟಾಸ್ ಗೆದ್ದವರು ನಾಣ್ಯ ಹಾರಿಸುವ ಕಲೆಯನ್ನು ಹೊಗಳಿಕೊಂಡ ಹಾಗೆ.

ಗೆಳತಿಗೆ ಆ ರಾತ್ರಿ ನಾನು ಇಷ್ಟೆಲ್ಲ ಬರೆಯಲಿಲ್ಲ. ಬರೆದಿದ್ದರೆ ಫೋನ್ ಎತ್ತಿ ಎಸೆಯುತ್ತಿದ್ದಳೇನೋ. ಒಂದೇ ಪ್ರಶ್ನೆ ಕಳಿಸಿದೆ, ನಾಳೆ ಇದನ್ನು ಕೇಳು ಅಂತ: ‘ಕಳೆದ ಎರಡು ವರ್ಷದಲ್ಲಿ ನನ್ನ ವಯಸ್ಸಿನವರು, ಸ್ವಂತ ಅಂಡಾಣು ಬಳಸಿದವರು, ಒಂದೇ ಫ್ರೋಜನ್ ಭ್ರೂಣ ಹಾಕಿಸಿಕೊಂಡವರು ಎಷ್ಟು ಜನ? ಅವರಲ್ಲಿ ಮಗು ಹುಟ್ಟಿದ್ದು ಎಷ್ಟು ಜನಕ್ಕೆ?’

ಮರುದಿನ ಮಧ್ಯಾಹ್ನ ಉತ್ತರ ಬಂತು. ಕೌನ್ಸೆಲರ್‌ಗೆ ಗೊತ್ತಿರಲಿಲ್ಲವಂತೆ. ಒಳಗೆ ಹೋಗಿ ಕೇಳಿಕೊಂಡು ಬಂದು, ‘65 ಬೀಟಾ ಪಾಸಿಟಿವ್ ಮೇಡಂ, ಎಲ್ಲ ವಯಸ್ಸಿನವರದ್ದೂ ಸೇರಿ’ ಅಂದರಂತೆ. ಕೊನೆಗೆ ಹಿರಿಯ ಡಾಕ್ಟರ್ ತಾವೇ ಕಂಪ್ಯೂಟರ್ ತೆರೆದು ಕೂತರು. ಅವಳ ವಯಸ್ಸಿನವರು 41 ಜನ ಇದ್ದರು. ಮಗು ಹುಟ್ಟಿದ್ದು 13 ಜನಕ್ಕೆ. ಶೇ. 32ರ ಹತ್ತಿರ.

‘ಬೇಜಾರಾಯ್ತಾ?’ ಅಂತ ಕೇಳಿದೆ.

‘ಸ್ವಲ್ಪ. ಆದರೆ ಎರಡನೇ ಭ್ರೂಣ ಇದೆಯಲ್ಲ, ಅದನ್ನು ಈಗಲೇ ಜೊತೆಗೆ ಹಾಕಬೇಡಿ ಅಂತ ಹೇಳಿ ಬಂದೆ’ ಅಂದಳು.